ಚಿತ್ರದಲ್ಲಿ ಚುಕ್ಕಿಗಳು ಸೈನಾಪ್ಸ್ ಬಿಟ್ಟು ಅಂಚಿಗೆ ಕೂತಿವೆ. ತಪ್ಪು ನನ್ನದಾ, ಚಿತ್ರದ್ದಾ?

ಚುಕ್ಕಿಲೆಕ್ಕ · ಬೆಳಿಗ್ಗೆ 9:12
ನಮಸ್ಕಾರ. ನರವಿಜ್ಞಾನಕ್ಕೆ ನಾನು ಹೊಸಬ, ಮೊದಲ ವರ್ಷ. ನಿನ್ನೆ ತರಗತಿಯಲ್ಲಿ ಇಲಿಯ ಕಿರುಮೆದುಳಿನ ಒಂದು ಎಲೆಕ್ಟ್ರಾನ್ ಮೈಕ್ರೋಸ್ಕೋಪ್ ಚಿತ್ರ ಕೊಟ್ಟು, ಗ್ಲುಟಮೇಟ್ (ನರಕೋಶಗಳ ನಡುವೆ ಸುದ್ದಿ ಒಯ್ಯುವ ರಾಸಾಯನಿಕ) ಹಿಡಿಯುವ ರಿಸೆಪ್ಟರ್ ಎಲ್ಲಿದೆ ಗುರುತು ಮಾಡಿ ಅಂದರು. ಪರ್ಕಿಂಜೆ ಕೋಶ ಎಂಬ ದೊಡ್ಡ ನರಕೋಶದ ಒಂದು ಸ್ಪೈನ್ (ಕೊಂಬೆಯ ಮೇಲಿನ ಪುಟ್ಟ ಮುಳ್ಳು), ಅದಕ್ಕೆ ಎದುರಾಗಿ, ಸುದ್ದಿ ತರುವ ಪ್ಯಾರಲಲ್ ಫೈಬರ್ ಎಂಬ ತಂತುವಿನ ಉಬ್ಬು. ನಡುವೆ ಪೆನ್ಸಿಲ್ ಒತ್ತಿ ಗೀಚಿದ ಹಾಗೆ ಒಂದು ದಪ್ಪ ಕಪ್ಪು ಗೆರೆ. ಅದೇ ಸೈನಾಪ್ಸ್, ಎರಡು ಕೋಶ ಸುದ್ದಿ ದಾಟಿಸುವ ಜಾಗ, ಅಲ್ವಾ. ರಿಸೆಪ್ಟರಿಗೆ ಆಂಟಿಬಾಡಿ ಅಂಟಿ, ಅದಕ್ಕೆ ಚಿನ್ನದ ಕಣ ಅಂಟಿ, ಕೊನೆಗೆ ಕಪ್ಪು ಚುಕ್ಕಿಯಾಗಿ ಕಾಣುತ್ತದೆ.

ತೊಂದರೆ ಏನೆಂದರೆ, ಚುಕ್ಕಿಗಳು ಆ ಗೆರೆಯ ಮೇಲಿಲ್ಲ. ಗೆರೆ ಮುಗಿಯುವಲ್ಲಿ, ಎರಡೂ ತುದಿಗೆ ಗುಂಪಾಗಿ ಕೂತಿವೆ. ನಾನು ಹಾಗೇ ಬರೆದೆ. ಮೇಷ್ಟ್ರು ಅಡ್ಡಗೆರೆ ಎಳೆದು, "ಆಂಟಿಬಾಡಿ ಜಾರಿದೆ, ರಿಸೆಪ್ಟರ್ ಇರುವುದು ಸೈನಾಪ್ಸಿನ ನಡುವೆ" ಎಂದು ಬರೆದಿದ್ದಾರೆ. ಗ್ಲುಟಮೇಟ್ ಬೀಳುವುದೇ ನಡುವೆ, ಅಂಚಿನಲ್ಲಿ ಕೂತು ಅದು ಮಾಡುವುದಾದರೂ ಏನು ಅನ್ನುವುದು ಅವರ ವಾದ. ಕೇಳಿದರೆ ಸರಿ ಅನಿಸುತ್ತದೆ. ಆದರೆ ಜಾರುವುದಿದ್ದರೆ ಎಲ್ಲಾ ಚುಕ್ಕಿಗಳೂ ಅಂಚಿಗೇ ಯಾಕೆ ಜಾರಬೇಕು?

ನರಪೇತಲ · 9:20
ಯಾವ ರಿಸೆಪ್ಟರ್ ಅದು? ಬರೀ "ಗ್ಲುಟಮೇಟ್ ರಿಸೆಪ್ಟರ್" ಅಂದರೆ ಊರಿನ ಹೆಸರು ಹೇಳಿ ಮನೆ ಹುಡುಕಿ ಅಂದ ಹಾಗೆ.

ಚುಕ್ಕಿಲೆಕ್ಕ · 9:24
ಚಿತ್ರದ ಕೆಳಗೆ ಎಂಗ್ಲುಆರ್1 ಎಂದು ಸಣ್ಣಕ್ಷರದಲ್ಲಿದೆ.

ನರಪೇತಲ · 9:41
ಹಾಗಿದ್ದರೆ ಅಡ್ಡಗೆರೆ ಮೇಷ್ಟ್ರ ಮಾತಿಗೆ ಬೀಳಬೇಕು!

ಗ್ಲುಟಮೇಟ್ ರಿಸೆಪ್ಟರ್‌ಗಳಲ್ಲಿ ಎರಡು ಜಾತಿ. ಒಂದು, ತಾನೇ ಬಾಗಿಲಾಗಿರುವಂಥದ್ದು. ಗ್ಲುಟಮೇಟ್ ಬಂದು ಕೂತರೆ ತಕ್ಷಣ ತೆರೆದು ಅಯಾನುಗಳನ್ನು ಒಳಗೆ ಬಿಡುತ್ತದೆ. ಆಂಪಾ, ಎನ್‌ಎಂಡಿಎ, ಕೈನೇಟ್ ಇವೆಲ್ಲ ಆ ಗುಂಪು. ಇನ್ನೊಂದು, ಬಾಗಿಲಲ್ಲ, ಕರೆಗಂಟೆ. ಒತ್ತಿದರೆ ಒಳಗಿನ ಜಿ-ಪ್ರೋಟೀನ್ ಎದ್ದು ಬೇರೆಯವರನ್ನು ಎಬ್ಬಿಸಬೇಕು. ನಿಮ್ಮ ಎಂಗ್ಲುಆರ್1 ಈ ಎರಡನೇ ಜಾತಿ.

ಪರ್ಕಿಂಜೆ ಸ್ಪೈನಿನಲ್ಲಿ ಆಂಪಾ ರಿಸೆಪ್ಟರ್ ಗೆರೆಯ ಮೇಲೆ ಇರುತ್ತದೆ. ಎಂಗ್ಲುಆರ್1 ಗೆರೆಯ ಸುತ್ತ ಬಳೆಯ ಹಾಗೆ ಇರುತ್ತದೆ. ಗೆರೆಯ ಅಂಚಿನಿಂದ ಸುಮಾರು 60 ನ್ಯಾನೋಮೀಟರ್ ಒಳಗೆ ದಟ್ಟ, ಅದರಾಚೆಗೂ ಇದೆ ಆದರೆ ತೆಳು. ಬಳೆಯನ್ನು ಅಡ್ಡಕ್ಕೆ ಕೊಯ್ದರೆ ಎರಡು ತುದಿ ತಾನೇ ಕಾಣುವುದು? ನಿಮ್ಮ ಚಿತ್ರದಲ್ಲಿ ಕಾಣುತ್ತಿರುವುದು ಅದೇ. 1993ರಲ್ಲಿ ಸೊಮೋಗ್ಯಿ, ನುಸ್ಸರ್ ಮತ್ತು ಜೊತೆಗಾರರು ಇದನ್ನು ತೋರಿಸಿದರು. ಹೊಸ ಸುದ್ದಿಯೇನಲ್ಲ.

ಹಳೇಸ್ಲೈಡು · 10:05
ನರಪೇತಲರು ಸ್ವಲ್ಪ ನಿಧಾನಿಸಿ. ಮೇಷ್ಟ್ರ ಮಾತು ಪೂರ್ತಿ ದಡ್ಡತನ ಅಲ್ಲ.

ಚುಕ್ಕಿಲೆಕ್ಕ ಅವರೇ, ಚುಕ್ಕಿಗಳು ಎಲ್ಲಾ ಒಂದೇ ಗಾತ್ರದ ಗುಂಡಗಿನವಾ? ಅಥವಾ ಒಂದು ದೊಡ್ಡದು ಒಂದು ಚಿಕ್ಕದು, ಮಸಿ ಚೆಲ್ಲಿದ ಹಾಗೆ ಓರೆಕೋರೆಯಾ?

ಯಾಕೆ ಕೇಳುತ್ತೇನೆಂದರೆ, ಓರೆಕೋರೆ ಇದ್ದರೆ ಅದು ಬೆಳ್ಳಿ ಹಚ್ಚಿ ದೊಡ್ಡದು ಮಾಡಿದ ಚಿನ್ನ. ಅಂದರೆ ಅಂಗಾಂಶವನ್ನು ಅಂಟಿನಲ್ಲಿ ಹುದುಗಿಸುವ ಮೊದಲೇ ಆಂಟಿಬಾಡಿ ಹಾಕಿದ್ದಾರೆ. ಆ ವಿಧಾನದಲ್ಲಿ ಒಂದು ಎಡವಟ್ಟಿದೆ. ಸೈನಾಪ್ಸಿನ ಗೆರೆ ಕಪ್ಪಗೆ ಕಾಣುವುದೇ ಅಲ್ಲಿ ಪ್ರೋಟೀನು ಒತ್ತೊತ್ತಾಗಿ ತುಂಬಿರುವುದರಿಂದ. ಆ ಸಂದಣಿಯೊಳಗೆ ಆಂಟಿಬಾಡಿ ನುಗ್ಗುವುದೇ ಇಲ್ಲ. ನಡುವೆ ರಿಸೆಪ್ಟರ್ ಇದ್ದರೂ ಚುಕ್ಕಿ ಬೀಳುವುದು ಅಂಚಿನಲ್ಲಿ ಮಾತ್ರ. ಆಗ ಚಿತ್ರ ನಿಮಗೆ ಸುಳ್ಳು ಹೇಳುತ್ತದೆ.

ಚುಕ್ಕಿಲೆಕ್ಕ · 10:11
ಭೂತಗನ್ನಡಿ ಹಿಡಿದು ನೋಡಿದೆ. ಎಲ್ಲಾ ಒಂದೇ ಗಾತ್ರ, ಸಾಸಿವೆ ಕಾಳಿನ ಹಾಗೆ ಗುಂಡಗೆ.

ಹಳೇಸ್ಲೈಡು · 10:19
ಸರಿ, ಹಾಗಾದರೆ ಹುದುಗಿಸಿ ಕೊಯ್ದ ಮೇಲೆ ಹಾಕಿದ್ದು. ಅಲ್ಲಿ ಚೂರಿನ ಮೇಲ್ಮೈಯಲ್ಲಿ ಏನಿದೆಯೋ ಅದಕ್ಕೆಲ್ಲ ಆಂಟಿಬಾಡಿ ಸಮನಾಗಿ ತಾಗುತ್ತದೆ, ಒಳಗೆ ನುಗ್ಗುವ ಪ್ರಶ್ನೆ ಇಲ್ಲ. ಇದೇ ವಿಧಾನದಲ್ಲಿ ಆಂಪಾಗೆ ಆಂಟಿಬಾಡಿ ಹಾಕಿದರೆ ಚುಕ್ಕಿಗಳು ಗೆರೆಯ ನಡುವೆ ಬೀಳುತ್ತವೆ. ಒಂದೇ ತರಹದ ಚೂರು, ಒಂದೇ ಚಿನ್ನ, ಎರಡು ಜಾಗ. ಹಾಗಾಗಿ ವಿಧಾನದ ತಪ್ಪು ಅನ್ನೋಕಾಗಲ್ಲ.

ಒಂದು ಮಾತು ನೆನಪಿರಲಿ. ರಿಸೆಪ್ಟರ್‌ಗೂ ಚಿನ್ನದ ಕಣಕ್ಕೂ ನಡುವೆ ಎರಡು ಆಂಟಿಬಾಡಿಗಳ ಸರಪಳಿ ಇದೆ. ಅದೇ 20ರಿಂದ 30 ನ್ಯಾನೋಮೀಟರ್ ಉದ್ದ. ಸೈನಾಪ್ಸಿನ ಸಂದು ಇರುವುದೇ ಸುಮಾರು 20. ಒಂದೇ ಒಂದು ಚುಕ್ಕಿ ನೋಡಿ ರಿಸೆಪ್ಟರ್ ಇಲ್ಲೇ ಇದೆ ಅಂತ ಆಣೆ ಮಾಡಬೇಡಿ. ನೂರಾರು ಸೈನಾಪ್ಸ್ ನೋಡಿ ಎಣಿಸಬೇಕು.

ತಲೆಹರಟೆ · 10:22
ಕರಿಮಣಿ ಎಣಿಸುವ ಕೆಲಸಕ್ಕೆ ಪಿಎಚ್‌ಡಿ ಕೊಡುತ್ತಾರೆ ಅಂತ ಮೊದಲೇ ಗೊತ್ತಿದ್ದರೆ ನಾನೂ ಸೇರಿಕೊಳ್ಳುತ್ತಿದ್ದೆ.

ಹಳೇಸ್ಲೈಡು · 10:30
ನಗಬೇಡಿ. ನಾನು ಎಂಟು ತಿಂಗಳು ಹಾಗೇ ಎಣಿಸಿದ್ದೇನೆ. ಅಂಕಿಗಳು ಅಚ್ಚುಕಟ್ಟಾಗಿದ್ದವು. ಕೊನೆಗೆ ಯಾರೋ, ಆ ಜೀನೇ ಇಲ್ಲದ ಇಲಿಯ ಮೆದುಳಿಗೂ ಒಮ್ಮೆ ಹಾಕಿ ನೋಡಿ ಅಂದರು. ಹಾಕಿದೆ. ಅಲ್ಲೂ ಅಷ್ಟೇ ಚುಕ್ಕಿ! ಇಲ್ಲದ ರಿಸೆಪ್ಟರನ್ನು ಎಂಟು ತಿಂಗಳು ಎಣಿಸಿದ್ದೆ. ಆಂಟಿಬಾಡಿ ಮಾರಿದವರಿಗೆ ಬರೆದರೆ ಬಂದ ಉತ್ತರ ಒಂದೇ ಸಾಲು, ಬೇರೆ ಬ್ಯಾಚ್ ಕಳಿಸುತ್ತೇವೆ ಅಂತ. ಆಮೇಲೆ ಜೀನ್ ಇಲ್ಲದ ಇಲಿ ಮೊದಲು, ಎಣಿಕೆ ಆಮೇಲೆ.

ಕರೆಂಟಳೆಯೋನು · 11:02
ಅದಕ್ಕೇ ನಾವು ಚಿತ್ರ ನಂಬುವುದಿಲ್ಲ, ಕರೆಂಟ್ ಅಳೆಯುತ್ತೇವೆ :)

ಮೇಷ್ಟ್ರ ನಿಜವಾದ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ. ಅಂಚಿನಲ್ಲಿ ಕೂತು ಏನು ಮಾಡುತ್ತದೆ? ಗಾಜಿನ ಸೂಜಿಯನ್ನು ಪರ್ಕಿಂಜೆ ಕೋಶಕ್ಕೆ ಅಂಟಿಸಿ, ಪ್ಯಾರಲಲ್ ಫೈಬರುಗಳಿಗೆ ಒಂದೇ ಒಂದು ಸಲ ವಿದ್ಯುತ್ ಕೊಡಿ. ಕ್ಷಣದಲ್ಲಿ ಬಂದು ಹೋಗುವ ಚೂಪಾದ ಕರೆಂಟ್ ಕಾಣುತ್ತದೆ. ಅದು ಆಂಪಾ. ಎಂಗ್ಲುಆರ್1 ಮಿಸುಕಾಡುವುದಿಲ್ಲ. ಈಗ ಪಟಪಟನೆ ಎಂಟು ಹತ್ತು ಸಲ ಕೊಡಿ. ಚೂಪು ಕರೆಂಟುಗಳು ಮುಗಿದ ಮೇಲೆ, ನೂರಾರು ಮಿಲಿಸೆಕೆಂಡು ತಡವಾಗಿ, ಗುಡ್ಡದ ಹಾಗೆ ಒಂದು ನಿಧಾನದ ಕರೆಂಟ್ ಏಳುತ್ತದೆ. ಅದು ಎಂಗ್ಲುಆರ್1. ಆ ಕರೆಂಟ್ ಹರಿಯುವ ಬಾಗಿಲು ಟಿಆರ್‌ಪಿಸಿ3 ಅನ್ನುವುದು 2008ರಲ್ಲಿ ಗೊತ್ತಾಯಿತು.

ಒಂದು ಸಲ ಸುರಿದ ಗ್ಲುಟಮೇಟ್ ನಡುವಿನ ಆಂಪಾಗೆ ಸಾಕು. ಅಂಚಿಗೆ ಮುಟ್ಟುವ ಹೊತ್ತಿಗೆ ತೆಳುವಾಗಿರುತ್ತದೆ. ಪಕ್ಕದಲ್ಲೇ ಗ್ಲುಟಮೇಟ್ ಹೀರುವ ಪಂಪುಗಳೂ ಕಾದಿರುತ್ತವೆ, ಪರ್ಕಿಂಜೆಯ ಮೇಲೆ ಇಎಎಟಿ4, ಸುತ್ತಲಿನ ಆಸರೆ ಕೋಶಗಳಾದ ಬರ್ಗ್‌ಮನ್ ಗ್ಲಿಯಾದ ಮೇಲೆ ಗ್ಲಾಸ್ಟ್. ಸಾಲಾಗಿ ಸುರಿದಾಗ ಮಾತ್ರ ತುಂಬಿ ಅಂಚಿಗೆ ಹರಿಯುತ್ತದೆ. ಅಂದರೆ ಎಂಗ್ಲುಆರ್1 ಒಂದು ಹನಿಯನ್ನು ಲೆಕ್ಕಕ್ಕೇ ಇಡುವುದಿಲ್ಲ, ಮಳೆ ಜೋರಾಗಿ ಬಂತಾ ಅಂತ ನೋಡುತ್ತದೆ. ಅದಕ್ಕೆ ಅಂಚೇ ಸರಿಯಾದ ಜಾಗ.

ಚುಕ್ಕಿಲೆಕ್ಕ · 11:10
ಇದನ್ನು ಪ್ರಿಂಟ್ ಹಾಕಿ ಮೇಷ್ಟ್ರ ಮೇಜಿನ ಮೇಲಿಡಬಹುದಾ?

ನರಪೇತಲ · 11:12
ಇಡಿ. ಹೆಸರು ಮಾತ್ರ ಕರೆಂಟಳೆಯೋನು ಅವರದ್ದು ಹಾಕಿ, ನನ್ನದು ಬೇಡ.

ಪದಕೋಶ · 11:40
ನಡುವೆ ಬಾಯಿ ಹಾಕಿದ್ದಕ್ಕೆ ಕ್ಷಮಿಸಿ. ಎಲ್ಲರೂ ರಿಸೆಪ್ಟರ್ ರಿಸೆಪ್ಟರ್ ಅನ್ನುತ್ತಿದ್ದೀರಿ. ಕನ್ನಡದಲ್ಲಿ "ಗ್ರಾಹಕ" ಇದೆಯಲ್ಲ?

ತಲೆಹರಟೆ · 11:43
"ಗ್ರಾಹಕರೇ ದೇವರು" ಅಂತ ಸೈನಾಪ್ಸ್ ಮುಂದೆ ಬೋರ್ಡು ಹಾಕೋಣ.

ಹಳೇಸ್ಲೈಡು · 11:50
ಗ್ರಾಹಕ ಅಂದರೆ ಜನಕ್ಕೆ ನೆನಪಾಗುವುದು ಅಂಗಡಿಗೆ ಬಂದವನು. ನಾನು ಒಮ್ಮೆ "ಗ್ಲುಟಮೇಟ್ ಗ್ರಾಹಕರು" ಎಂದು ಬರೆದಿದ್ದನ್ನು ಓದಿ ಒಬ್ಬರು, ಇದನ್ನು ಯಾರು ಕೊಂಡುಕೊಳ್ಳುತ್ತಾರೆ ಅಂತ ಕೇಳಿದ್ದರು. ಅವತ್ತಿಂದ ರಿಸೆಪ್ಟರ್ ಅಂತಲೇ ಬರೆಯುತ್ತೇನೆ.

ಪದಕೋಶ · 11:58
ಸರಿ, ಅದು ಬಿಡಿ. ಪರ್ಕಿಂಜೆಗೆ ಸುದ್ದಿ ತರುವ ಇನ್ನೊಂದು ತಂತು, ಕ್ಲೈಂಬಿಂಗ್ ಫೈಬರ್‌ಗಾದರೂ "ಬಳ್ಳಿತಂತು" ಅನ್ನಬಹುದಲ್ಲ? ಪರ್ಕಿಂಜೆ ಕೊಂಬೆಗೆ ಬಳ್ಳಿಯ ಹಾಗೇ ಸುತ್ತಿ ಹಬ್ಬುತ್ತದೆ.

ನರಪೇತಲ · 12:01
ಚೆನ್ನಾಗಿದೆ. ಒಪ್ಪಿದೆ. ಇನ್ನು ಮೇಲೆ ಬಳ್ಳಿತಂತು.

ಕೊಂಬೆಜೀವಿ · 12:30
ಬಳ್ಳಿತಂತು ಅಂದಿದ್ದು ಒಳ್ಳೆಯದಾಯಿತು, ಯಾಕೆಂದರೆ ಇಡೀ ಕತೆಯ ಮಜಾ ಅಲ್ಲಿದೆ. ಒಂದೇ ಪರ್ಕಿಂಜೆ ಕೋಶಕ್ಕೆ ಎರಡು ಕಡೆಯಿಂದ ಗ್ಲುಟಮೇಟ್ ಬರುತ್ತದೆ. ಪ್ಯಾರಲಲ್ ಫೈಬರುಗಳ ಸೈನಾಪ್ಸುಗಳು ಇಲಿಯಲ್ಲಿ ಒಂದು ಕೋಶಕ್ಕೆ ಸುಮಾರು 1,75,000. ಅವು ಕೂರುವುದು ತೆಳು ಕಿರುಕೊಂಬೆಗಳ ಸ್ಪೈನುಗಳ ಮೇಲೆ. ಬಳ್ಳಿತಂತು ಬೆಳೆದ ಪ್ರಾಣಿಯಲ್ಲಿ ಒಂದು ಕೋಶಕ್ಕೆ ಒಂದೇ. ಅದು ಹಬ್ಬುವುದು ಬುಡದ ಹತ್ತಿರದ ದಪ್ಪ ಕೊಂಬೆಗಳ ಮೇಲೆ. ಎರಡೂ ಕಡೆ ಆಂಪಾ ಇದೆ. ಆದರೆ ಗ್ಲುಡಿ2 ಅನ್ನುವ ಇನ್ನೊಂದು ರಿಸೆಪ್ಟರ್ ಪ್ಯಾರಲಲ್ ಫೈಬರ್ ಕಡೆ ಮಾತ್ರ ಇದೆ, ಬಳ್ಳಿತಂತುವಿನ ಕಡೆ ಇಲ್ಲ. ಒಂದೇ ಕೋಶ, ಒಂದೇ ಗ್ಲುಟಮೇಟ್, ಆದರೂ ಎರಡು ಸಾಲಿಗೆ ಎರಡು ಬಗೆಯ ಬಡಿಸುವಿಕೆ.

ಈ ಗ್ಲುಡಿ2 ಹೆಸರಿನಲ್ಲಿ ಗ್ಲುಟಮೇಟ್ ಇದೆ. ಆದರೆ ಅದಕ್ಕೆ ಗ್ಲುಟಮೇಟ್ ಅಂಟುವುದೇ ಇಲ್ಲ! ಹೆಸರು ಕ್ಷೀರಸಾಗರ, ಮನೆಯಲ್ಲಿ ಮಜ್ಜಿಗೆಗೂ ಗತಿ ಇಲ್ಲ. ಅದಕ್ಕೆ ಅಂಟುವುದು ಡಿ-ಸೆರಿನ್, ಗ್ಲೈಸಿನ್. ಹೊರಗಡೆಯಿಂದ ಸೆರೆಬೆಲಿನ್1 ಅನ್ನುವ ಪ್ರೋಟೀನು ಬಂದು ಒಂದು ಕೈಯಲ್ಲಿ ಗ್ಲುಡಿ2, ಇನ್ನೊಂದು ಕೈಯಲ್ಲಿ ಪ್ಯಾರಲಲ್ ಫೈಬರಿನ ನ್ಯೂರೆಕ್ಸಿನ್ ಹಿಡಿದು ಎರಡನ್ನೂ ಕಟ್ಟಿಹಾಕುತ್ತದೆ. 2010ರಲ್ಲಿ ಇದು ಹೊರಬಂತು. ಅಂದರೆ ಗ್ಲುಡಿ2 ಸೈನಾಪ್ಸಿನ ಚಿಲಕ.

ಓದುಗ್ಯಾಮ · 12:44
ಚಿಲಕ ಮಾತ್ರ ಅಂದರೆ ಲರ್ಚರ್ ಇಲಿಗೆ ಯಾಕೆ ಹಾಗಾಯಿತು? ಅದರಲ್ಲಿ ಗ್ಲುಡಿ2 ಚಾನೆಲ್ ಸದಾ ತೆರೆದೇ ಇದ್ದು ಪರ್ಕಿಂಜೆ ಕೋಶಗಳು ಸಾಯುತ್ತವೆ ಎಂದು 1997ರಲ್ಲೇ ತೋರಿಸಿದ್ದಾರೆ. ಬಾಗಿಲೇ ಇಲ್ಲದಿದ್ದರೆ ತೆರೆದಿರುವುದು ಏನು?

ಕೊಂಬೆಜೀವಿ · 12:58
ಒಳ್ಳೆ ಪೆಟ್ಟು. "ಮಾತ್ರ" ಅಂತ ನಾನು ಬರೆದಿಲ್ಲ, ಆದರೆ ಧಾಟಿ ಹಾಗೇ ಇತ್ತು, ಒಪ್ಪುತ್ತೇನೆ. ಒಳಗೆ ಬಾಗಿಲಿನ ಚೌಕಟ್ಟು ಇದೆ. ಲರ್ಚರ್‌ನಲ್ಲಿ ಒಂದು ಅಮೈನೋ ಆಮ್ಲ ಬದಲಾಗಿ ಅದು ಮುಚ್ಚದ ಹಾಗೆ ಆಗಿದೆ. ಆ ಇಲಿ ನಡೆಯುವುದನ್ನು ನೋಡಿದವರಿಗೆ ಗೊತ್ತು, ಹೆಜ್ಜೆ ಹೆಜ್ಜೆಗೂ ಪಕ್ಕಕ್ಕೆ ವಾಲುತ್ತದೆ.

ಇನ್ನೊಂದು ವಿಷಯ. ಮರಿಯಾಗಿದ್ದಾಗ ಗ್ಲುಡಿ2 ಎರಡೂ ಕಡೆ ಇರುತ್ತದೆ, ಬಳ್ಳಿತಂತುವಿನ ಸೈನಾಪ್ಸಲ್ಲೂ. ಬೆಳೆಯುತ್ತಾ ಅಲ್ಲಿಂದ ಜಾಗ ಖಾಲಿ ಮಾಡುತ್ತದೆ. ಬೆಳೆದ ಪ್ರಾಣಿಯಲ್ಲೂ ಟೆಟ್ರೊಡೊಟಾಕ್ಸಿನ್ ಹಾಕಿ ವಿದ್ಯುತ್ ಚಟುವಟಿಕೆ ನಿಲ್ಲಿಸಿದರೆ ದಪ್ಪ ಕೊಂಬೆಗಳ ಮೇಲೆ ಹೊಸ ಸ್ಪೈನುಗಳು ಮೊಳೆತು, ಗ್ಲುಡಿ2 ಮತ್ತೆ ಅಲ್ಲಿ ಹಾಜರು. ಅಂದರೆ ಬಳ್ಳಿತಂತು ದಿನಾ ಅದನ್ನು ದೂರ ಓಡಿಸುತ್ತಿರಬೇಕು. ಸುಮ್ನೆ ಇದ್ದರೆ ಜಾಗ ಕೈತಪ್ಪಿತು.

ಓದುಗ್ಯಾಮ · 13:05
ಹಾಗಿದ್ದರೆ "ಎಲ್ಲಿದೆ" ಅನ್ನುವ ಪ್ರಶ್ನೆಗೆ "ಎಷ್ಟು ವಯಸ್ಸಿಗೆ" ಅಂತ ಮೊದಲು ಕೇಳಬೇಕು. ಎನ್‌ಎಂಡಿಎ ಮಾತ್ರ ಸುಲಭ. ಪರ್ಕಿಂಜೆ ಕೋಶದಲ್ಲಿ ಅದು ಇಲ್ಲ, ಮುಗೀತು. ಮೆದುಳಿನ ಬೇರೆ ಭಾಗದಲ್ಲಿ ಕಲಿಕೆಗೆ ಅದೇ ಬೇಕು, ಇಲ್ಲಿ ಬೇಡ. ಎಲ್ಲಾ ಪುಸ್ತಕದಲ್ಲೂ ಇದೆ.

ಕರೆಂಟಳೆಯೋನು · 13:21
ಪುಸ್ತಕ ಎತ್ತು ಈಯಿತು ಅಂದರೆ ನೀವು ಕರು ಕಟ್ಟಲು ಹಗ್ಗ ಹುಡುಕುತ್ತೀರಿ.

ಹುಟ್ಟಿದ ಹೊಸದರಲ್ಲಿ ಪರ್ಕಿಂಜೆಯಲ್ಲಿ ಎನ್‌ಎಂಡಿಎ ಇರುತ್ತದೆ. ಎರಡು ಮೂರು ವಾರದ ಹೊತ್ತಿಗೆ ಮಾಯ. ಆಮೇಲೆ ಸುಮಾರು ಎರಡು ತಿಂಗಳ ಇಲಿಯಲ್ಲಿ ಮತ್ತೆ ಕಾಣುತ್ತದೆ, ಅದೂ ಬಳ್ಳಿತಂತುವಿನ ಸೈನಾಪ್ಸಲ್ಲಿ. 2007ರಲ್ಲಿ ಎರಡು ಗುಂಪುಗಳು ಬೇರೆಬೇರೆಯಾಗಿ ಇದನ್ನು ವರದಿ ಮಾಡಿದವು. ಅಷ್ಟು ವರ್ಷ ಯಾಕೆ ಕಾಣಲಿಲ್ಲ? ನಾವು ಸೋಮಾರಿಗಳು, ಅದಕ್ಕೆ. ಎರಡು ಮೂರು ವಾರದ ಇಲಿಯ ಮೆದುಳು ಕೊಯ್ಯಲು ಸುಲಭ, ಕೋಶಗಳು ಬೇಗ ಸಾಯುವುದಿಲ್ಲ, ಸೂಜಿ ಸರಾಗವಾಗಿ ಅಂಟುತ್ತದೆ. ಎಲ್ಲರೂ ಅದೇ ವಯಸ್ಸಿನದನ್ನು ಕೊಯ್ದರು. ಅದು ಸರಿಯಾಗಿ ಎನ್‌ಎಂಡಿಎ ಇಲ್ಲದ ಕಿಟಕಿ! ಎರಡು ತಿಂಗಳ ಇಲಿಯ ಚೂರಿನಲ್ಲಿ ನಾನೂ ಪ್ರಯತ್ನಿಸಿದ್ದೇನೆ. ಬೆಳಿಗ್ಗೆಯಿಂದ ಸಂಜೆವರೆಗೆ ಕೂತರೆ ಎರಡು ಒಳ್ಳೆ ಕೋಶ ಸಿಕ್ಕರೆ ಪುಣ್ಯ.

ಓದುಗ್ಯಾಮ · 13:29
ಎತ್ತು ಈದಿದ್ದನ್ನು ವಾಪಸ್ ತೆಗೆದುಕೊಂಡೆ. ಆದರೆ ಪ್ಯಾರಲಲ್ ಫೈಬರ್ ಕಡೆ ಪರ್ಕಿಂಜೆಯಲ್ಲಿ ಇಲ್ಲ ತಾನೇ?

ಕರೆಂಟಳೆಯೋನು · 13:33
ಸ್ಪೈನಿನ ಕಡೆ ಇಲ್ಲ ಅಂತಲೇ ನಾನೂ ಹೇಳುತ್ತೇನೆ. ಎದುರುಗಡೆ, ಅಂದರೆ ಪ್ಯಾರಲಲ್ ಫೈಬರಿನ ಉಬ್ಬಿನಲ್ಲೇ ಇದೆ ಎಂದು 2002ರಲ್ಲಿ ಕಸಾಡೋ, ಇಸೋಪ್, ಆಷರ್ ವಾದಿಸಿದರು. ಸೈನಾಪ್ಸಿನ ಬಲ ಬಹುಕಾಲಕ್ಕೆ ಕುಗ್ಗುವ ದೀರ್ಘಕಾಲದ ಇಳಿಕೆಗೆ ಅದು ಬೇಕು, ನೈಟ್ರಿಕ್ ಆಕ್ಸೈಡ್ ಮೂಲಕ, ಅಂತ.

ಹಳೇಸ್ಲೈಡು · 13:40
ಆಕ್ಸಾನಿನಲ್ಲಿ, ಅಂದರೆ ಸುದ್ದಿ ಕಳಿಸುವ ತಂತುವಿನಲ್ಲಿ, ಎನ್‌ಎಂಡಿಎ ವಿಷಯಕ್ಕೆ ಬಂದರೆ ನಾನು ತಲೆ ಅಲ್ಲಾಡಿಸುವ ಮುಂಚೆ ಎರಡು ಸಲ ಯೋಚಿಸುತ್ತೇನೆ. ಕಿರುಮೆದುಳಿನ ಇನ್ನೊಂದು ನರಕೋಶ, ಸ್ಟೆಲೇಟ್ ಕೋಶದಲ್ಲೂ ಹಾಗೇ ಅಂದಿದ್ದರು. 2008ರಲ್ಲಿ ಕ್ರಿಸ್ಟಿ ಮತ್ತು ಜಾರ್ ನೋಡಿದರೆ, ಎನ್‌ಎಂಡಿಎ ತೆರೆದಿದ್ದು ಡೆಂಡ್ರೈಟಿನಲ್ಲಿ, ಸುದ್ದಿ ಪಡೆಯುವ ಕೊಂಬೆಯಲ್ಲಿ. ಅಲ್ಲಿಂದ ವೋಲ್ಟೇಜ್ ಆಕ್ಸಾನಿಗೆ ಹರಿದು, ಅಲ್ಲಿನ ಕ್ಯಾಲ್ಸಿಯಂ ಚಾನೆಲ್ ತೆರೆಯಿತು. ಕ್ಯಾಲ್ಸಿಯಂ ಏರಿದ್ದು ಆಕ್ಸಾನಿನಲ್ಲಿ, ರಿಸೆಪ್ಟರ್ ಇದ್ದದ್ದು ಇನ್ನೆಲ್ಲೋ. ಹೊಗೆ ಎದ್ದ ಮನೆಯಲ್ಲೇ ಒಲೆ ಇದೆ ಅಂದುಕೊಂಡರೆ ಹೀಗಾಗುತ್ತದೆ.

ಕರೆಂಟಳೆಯೋನು · 13:46
ಸ್ಟೆಲೇಟ್‌ಗೆ ಒಪ್ಪುತ್ತೇನೆ. ಪ್ಯಾರಲಲ್ ಫೈಬರ್‌ಗೆ ಒಪ್ಪುವುದಿಲ್ಲ. ಅಲ್ಲಿ ಆಮೇಲೆ ಚಿನ್ನದ ಚುಕ್ಕಿಯಲ್ಲೂ ತೋರಿಸಿದ್ದಾರೆ, ನಿಮ್ಮದೇ ವಿಧಾನ.

ಹಳೇಸ್ಲೈಡು · 13:48
ಎಂಟು ತಿಂಗಳು ಚುಕ್ಕಿ ಎಣಿಸಿದವನಿಗೆ ಚುಕ್ಕಿಯ ಮೇಲೆ ನಂಬಿಕೆ ಇಡು ಅನ್ನುತ್ತೀರಾ?

ಸುಮ್ನೆಓದ್ತೀನಿ · 14:15
ನನ್ನ ಪ್ರಶ್ನೆ ಸಣ್ಣದು. ಎಲ್ಲರೂ ಪರ್ಕಿಂಜೆ ಪರ್ಕಿಂಜೆ ಅನ್ನುತ್ತಿದ್ದೀರಿ. ಉಳಿದ ಕೋಶಗಳಲ್ಲಿ ಏನೂ ಇಲ್ಲವಾ?

ಕಾಳುಕೋಶ · 14:32
ಕೊನೆಗೂ ಯಾರೋ ಕೇಳಿದರು! ಮನುಷ್ಯನ ಮೆದುಳಿನ ಸುಮಾರು 8,600 ಕೋಟಿ ನರಕೋಶಗಳಲ್ಲಿ 6,900 ಕೋಟಿ ಕಿರುಮೆದುಳಿನಲ್ಲೇ ಇವೆ. ಅದರಲ್ಲಿ ಹೆಚ್ಚುಕಮ್ಮಿ ಎಲ್ಲವೂ ಗ್ರಾನ್ಯೂಲ್ ಕೋಶ. ಕೇಳುವವರು ಮಾತ್ರ ಇಲ್ಲ.

ಗ್ರಾನ್ಯೂಲ್ ಕೋಶಕ್ಕೆ ಇರುವುದು ನಾಲ್ಕೇ ಗಿಡ್ಡ ಡೆಂಡ್ರೈಟು. ಪ್ರತಿಯೊಂದರ ತುದಿಯಲ್ಲಿ ಪಂಜದ ಹಾಗೆ ಬೆರಳುಗಳು. ಆ ಬೆರಳುಗಳು, ಹೊರಗಿನಿಂದ ಸುದ್ದಿ ತರುವ ಮಾಸಿ ಫೈಬರಿನ ಉಬ್ಬನ್ನು ಹಿಡಿದುಕೊಂಡಿರುತ್ತವೆ. ಆಂಪಾ ಮತ್ತು ಎನ್‌ಎಂಡಿಎ ಎರಡೂ ಆ ಪಂಜದಲ್ಲಿ. ಎನ್‌ಎಂಡಿಎಯ ಬಿಡಿಭಾಗವೂ ವಯಸ್ಸಿನ ಜೊತೆ ಬದಲಾಗುತ್ತದೆ. ಮೊದಲು ಗ್ಲುಎನ್2ಬಿ, ಆಮೇಲೆ ಅದು ಹೋಗಿ 2ಎ ಮತ್ತು 2ಸಿ. ಆಂಪಾವನ್ನು ಆ ಪಂಜಕ್ಕೆ ತಂದು ಕೂರಿಸುವುದು ಸ್ಟಾರ್‌ಗೇಜಿನ್. ಸ್ಟಾರ್‌ಗೇಜರ್ ಇಲಿಯಲ್ಲಿ ಅದು ಇಲ್ಲ, ಆದ್ದರಿಂದ ಗ್ರಾನ್ಯೂಲ್ ಕೋಶದಲ್ಲಿ ಆಂಪಾ ಕರೆಂಟೇ ಇಲ್ಲ. ಇಲಿ ತಲೆ ಎತ್ತಿ ಆಕಾಶ ನೋಡುತ್ತಾ ತಿರುಗುತ್ತದೆ, ಅದಕ್ಕೇ ಆ ಹೆಸರು. ಅದೇ ಕೋಶದ ಆಕ್ಸಾನು ಮೇಲೆ ಹೋಗಿ ಪ್ಯಾರಲಲ್ ಫೈಬರ್ ಆಗುತ್ತದಲ್ಲ, ಅದರ ತುದಿಗಳಲ್ಲಿ ಎಂಗ್ಲುಆರ್4. ತಾನು ಸುರಿದ ಗ್ಲುಟಮೇಟ್ ಜಾಸ್ತಿಯಾದರೆ ತಾನೇ ನಲ್ಲಿ ತಿರುಗಿಸಿಕೊಳ್ಳಲು.

ನರಪೇತಲ · 14:40
ಗ್ರಾನ್ಯೂಲ್ ಕೋಶಗಳನ್ನು ತಡೆಯುವ ಗಾಲ್ಗಿ ಕೋಶ ಮರೆತಿರಿ. ಅದರಲ್ಲಿ ಎಂಗ್ಲುಆರ್2. ಗ್ಲುಟಮೇಟ್ ಅಂದರೆ ಕೋಶವನ್ನು ಎಬ್ಬಿಸುವುದು ಅಂತ ಓದಿದ್ದೇವೆ. ಇಲ್ಲಿ ಅದು ಪೊಟ್ಯಾಸಿಯಂ ಚಾನೆಲ್ ತೆರೆದು ಕೋಶವನ್ನು ಮಲಗಿಸುತ್ತದೆ. 2003ರಲ್ಲಿ ವಟನಾಬೆ ಮತ್ತು ನಕನಿಶಿ ತೋರಿಸಿದ್ದು.

ಕೊಂಬೆಜೀವಿ · 14:47
ಸ್ಟೆಲೇಟ್ ಕೋಶದಲ್ಲಿ ಎನ್‌ಎಂಡಿಎ ಸೈನಾಪ್ಸಿನ ಹೊರಗೆ. ಅದಕ್ಕೂ ಸಾಲುಸಾಲು ಮಳೆ ಬೇಕು. ಬಳ್ಳಿತಂತುವಿನದ್ದು ಇನ್ನೂ ತಮಾಷೆ, ಸ್ಟೆಲೇಟ್ ಜೊತೆ ಅದಕ್ಕೆ ಸರಿಯಾದ ಸೈನಾಪ್ಸೇ ಇಲ್ಲ, ಚೆಲ್ಲಿದ ಗ್ಲುಟಮೇಟ್‌ನಲ್ಲೇ ಸುದ್ದಿ ಮುಟ್ಟಿಸುತ್ತದೆ.

ಹಳೇಸ್ಲೈಡು · 14:55
ನರಕೋಶ ಅಲ್ಲದವರನ್ನೂ ಬಿಡಬೇಡಿ. ಬರ್ಗ್‌ಮನ್ ಗ್ಲಿಯಾದ ಮೇಲೂ ಆಂಪಾ ಇದೆ, ಕ್ಯಾಲ್ಸಿಯಂ ಬಿಡುವ ಬಗೆಯದು. 2001ರಲ್ಲಿ ಅದಕ್ಕೆ ಗ್ಲುಎ2 ಎಂಬ ಆಂಪಾ ಬಿಡಿಭಾಗ ಸೇರಿಸಿ ಕ್ಯಾಲ್ಸಿಯಂ ದಾರಿ ಮುಚ್ಚಿದರೆ, ಗ್ಲಿಯಾ ತನ್ನ ಬೆರಳುಗಳನ್ನು ಸೈನಾಪ್ಸಿನ ಸುತ್ತಲಿಂದ ಹಿಂದೆಗೆದುಕೊಂಡಿತು.

ಸುಮ್ನೆಓದ್ತೀನಿ · 15:02
ಪುಸ್ತಕದಲ್ಲಿ ಒಂದು ಕಡೆ ಗ್ಲುಆರ್2, ಇನ್ನೊಂದು ಕಡೆ ಗ್ಲುಎ2, ಮತ್ತೊಂದು ಕಡೆ ಗ್ಲುಆರ್-ಬಿ. ಮೂರೂ ಬೇರೆಬೇರೆಯಾ?

ನರಪೇತಲ · 15:04
ಅಳಿಯ ಅಲ್ಲ, ಮಗಳ ಗಂಡ. ಮೂರೂ ಒಂದೇ. ಹಳೆ ಲೇಖನ ಓದುವಾಗ ಪಕ್ಕದಲ್ಲಿ ಒಂದು ಚೀಟಿ ಇಟ್ಟುಕೊಳ್ಳಿ.

ತಂಗಿಯಣ್ಣ · 16:20
ನಾನು ವಿಜ್ಞಾನದವನಲ್ಲ. ಮನೆಯಲ್ಲಿ ಒಬ್ಬರಿಗೆ ನಡಿಗೆ ತೂರಾಡುವ ತೊಂದರೆ ಬಂದಾಗ ವೈದ್ಯರು ರಕ್ತದಲ್ಲಿ ಯಾವುದೋ ಆಂಟಿಬಾಡಿ ಹುಡುಕುತ್ತೇವೆ ಅಂದಿದ್ದರು. ಇಲ್ಲಿ ಓದುವಾಗ ನೆನಪಾಯಿತು. ಈ ರಿಸೆಪ್ಟರ್‌ಗಳಿಗೂ ಅದಕ್ಕೂ ಸಂಬಂಧ ಇದೆಯಾ?

ಹಳೇಸ್ಲೈಡು · 16:41
ಅವರಿಗೆ ಹುಡುಕಿದ್ದು ಯಾವುದು ಎಂದು ಅವರ ವೈದ್ಯರೇ ಹೇಳಬೇಕು, ಅಂಥ ಆಂಟಿಬಾಡಿಗಳು ಹಲವು ಇವೆ. ಆದರೆ ಸಂಬಂಧ ಇರುವುದು ನಿಜ. 2000ದಲ್ಲಿ, ಹಾಜ್ಕಿನ್ ಲಿಂಫೋಮಾ ಬಂದು ವಾಸಿಯಾಗಿದ್ದ ಇಬ್ಬರು ರೋಗಿಗಳ ರಕ್ತದಲ್ಲಿ ಎಂಗ್ಲುಆರ್1ಗೇ ಆಂಟಿಬಾಡಿ ಸಿಕ್ಕಿತು. ಇಬ್ಬರಿಗೂ ನಡಿಗೆ ತಪ್ಪಿತ್ತು. ಆ ಆಂಟಿಬಾಡಿಯನ್ನು ಇಲಿಯ ಮೆದುಳಿನ ಸುತ್ತಲಿನ ದ್ರವಕ್ಕೆ ಬಿಟ್ಟಾಗ ಇಲಿಯೂ ತೂರಾಡಿತು. ರಿಸೆಪ್ಟರಿನ ಒಂದು ಭಾಗ ಕೋಶದ ಹೊರಗೆ ಚಾಚಿಕೊಂಡಿರುತ್ತದೆ, ಆದ್ದರಿಂದ ಆಂಟಿಬಾಡಿಗೆ ಸುಲಭವಾಗಿ ಸಿಗುತ್ತದೆ. ನಾವು ಪ್ರಯೋಗಶಾಲೆಯಲ್ಲಿ ಚುಕ್ಕಿ ಹಾಕಲು ಬಳಸುವ ಬಗೆಯದ್ದನ್ನೇ ಅವರ ದೇಹ ತಾನಾಗಿ ತಯಾರಿಸಿತ್ತು.

ತಂಗಿಯಣ್ಣ · 16:50
ತುಂಬಾ ಥ್ಯಾಂಕ್ಸ್. ಮುಂದಿನ ಸಲ ಹೋದಾಗ ಯಾವ ಆಂಟಿಬಾಡಿ ಅಂತ ಹೆಸರು ಹಿಡಿದು ಕೇಳುತ್ತೇನೆ.

ಚುಕ್ಕಿಲೆಕ್ಕ · ಮರುದಿನ, ಸಂಜೆ 5:36
ವರದಿ ಒಪ್ಪಿಸುತ್ತಿದ್ದೇನೆ. ರಾತ್ರಿ ಕೂತು ಚಿತ್ರದ ಚುಕ್ಕಿ ಎಲ್ಲಾ ಎಣಿಸಿದೆ. 23 ಇವೆ. ಗೆರೆಯ ಅಂಚಿಗೆ ಹತ್ತಿಕೊಂಡು 15, ದೂರದ ಪೊರೆಯ ಮೇಲೆ 5, ಗೆರೆಯ ಮೇಲೆ 2. ಮೇಷ್ಟ್ರಿಗೆ ತೋರಿಸಿ, ಒಂದು ಹನಿ ಮತ್ತು ಜೋರು ಮಳೆ ಕತೆ ಹೇಳಿದೆ. ಅವರು ಚಿತ್ರವನ್ನು ಕಿಟಕಿ ಬೆಳಕಿಗೆ ಹಿಡಿದು ಸುಮಾರು ಹೊತ್ತು ನೋಡಿದರು. ಆಮೇಲೆ, ನಾನು ಓದುವಾಗ ಆಂಪಾ ಚಿತ್ರ ಮಾತ್ರ ನೋಡಿದ್ದೆ ಕಣಯ್ಯ ಅಂದು, ತಮ್ಮದೇ ಅಡ್ಡಗೆರೆಯ ಮೇಲೆ ಇನ್ನೊಂದು ಅಡ್ಡಗೆರೆ ಎಳೆದರು.

ನರಪೇತಲ · 5:40
ಅಂಥ ಮೇಷ್ಟ್ರು ಸಿಗುವುದು ಕಷ್ಟ. ಮೊದಲ ದಿನ ಅವರ ಬಗ್ಗೆ ಬರೆದಿದ್ದನ್ನು ಅಳಿಸುತ್ತೇನೆ.

ಹಳೇಸ್ಲೈಡು · 5:52
15, 5, 2. ಕೂಡಿದರೆ 22. ಇನ್ನೊಂದು ಎಲ್ಲಿ?

ಚುಕ್ಕಿಲೆಕ್ಕ · 5:55
ಅದು ಮೈಟೋಕಾಂಡ್ರಿಯಾದ ಒಳಗಿದೆ. ಅಲ್ಲಿ ಏನು ಕೆಲಸ ಅದಕ್ಕೆ?

ಹಳೇಸ್ಲೈಡು · 5:57
ಏನೂ ಇಲ್ಲ. ಅದು ಮಾತ್ರ ನಿಜವಾಗಿಯೂ ಜಾರಿದ್ದು.